ಒಂದೇ ವಿಳಾಸದ ಹಿಂದೆ ಎಷ್ಟು ಮಂದಿ?

ಕಂಪ್ಯೂಟರ್ ಸೈನ್ಸ್ ಓದುವ ನಮಗೆಲ್ಲ ಒಂದು ವಾಕ್ಯ ಬಾಯಿಪಾಠ: ಇಂಟರ್ನೆಟ್‌ಗೆ ಸೇರಿದ ಪ್ರತಿಯೊಂದು ಕಂಪ್ಯೂಟರಿಗೂ ಒಂದು ಐಪಿ ವಿಳಾಸ ಇರುತ್ತದೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು. ಆದರೆ ನಮ್ಮ ಕಾಲೇಜಿನ ಲ್ಯಾಬ್, ಆಫೀಸು, ಲೈಬ್ರರಿ, ಹಾಸ್ಟೆಲ್‌ನ ಓದುವ ಕೋಣೆ ಎಲ್ಲ ಸೇರಿ ಹೊರಜಗತ್ತಿಗೆ ಕಾಣುವುದು ಒಂದೇ ಒಂದು ವಿಳಾಸ. ಆ ವಿಳಾಸದಿಂದ ಒಳ್ಳೆಯದು ಹೋದರೂ ಕೆಟ್ಟದ್ದು ಹೋದರೂ ಹೊರಗಿನವರ ಲೆಕ್ಕದಲ್ಲಿ ಅದು ಒಬ್ಬನೇ ಮಾಡಿದ ಕೆಲಸ. ಈ ವರ್ಷ ನಮ್ಮಲ್ಲಿ ನಡೆದ ಒಂದು ಸಂಗತಿಯಿಂದ ಈ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿಯಿತು. ಇದು ಪಾಠಕ್ಕೆ ಹತ್ತಿರದ ವಿಷಯ, ನಾವು ಒಬ್ಬರನ್ನೊಬ್ಬರು ಹೇಗೆ ನೋಡುತ್ತೇವೆ ಎಂಬುದಕ್ಕೂ ಹತ್ತಿರದ ವಿಷಯ. ಆದ್ದರಿಂದ ನಮ್ಮ ಪತ್ರಿಕೆಗೆ ಬರೆಯಬೇಕೆನಿಸಿತು.

ಮೊದಲು ಒಂದೇ ವಿಳಾಸ ಯಾಕೆ ಎನ್ನುವುದನ್ನು ಹೇಳಿಬಿಡುತ್ತೇನೆ. ನಾವು ಹೆಚ್ಚಾಗಿ ಬಳಸುವ ಐಪಿ ನಾಲ್ಕನೇ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. ಎರಡರ ಘಾತ 32 ಎಂದರೆ ಸುಮಾರು 429 ಕೋಟಿ. ಕೇಳಲು ದೊಡ್ಡ ಸಂಖ್ಯೆ, ಆದರೆ ಜಗತ್ತಿನ ಜನಸಂಖ್ಯೆ ಅದಕ್ಕಿಂತ ಹೆಚ್ಚು. ಅದರ ಮೇಲೆ ಒಬ್ಬೊಬ್ಬರ ಹತ್ತಿರ ಎರಡು ಮೂರು ಸಾಧನಗಳು. ವಿಳಾಸಗಳನ್ನು ಹಂಚುವ ಜಾಗತಿಕ ಸಂಸ್ಥೆಯ ಬಳಿ ಇದ್ದ ಕೊನೆಯ ದೊಡ್ಡ ಕಂತುಗಳು 2011ರ ಫೆಬ್ರವರಿಯಲ್ಲೇ ಖಾಲಿಯಾದವು. ಹೀಗಾಗುತ್ತದೆಂದು ಮೊದಲೇ ಗೊತ್ತಿದ್ದುದರಿಂದ ಕೆಲವು ವಿಳಾಸಗಳನ್ನು ಒಳಗಿನ ಬಳಕೆಗಷ್ಟೇ ಎಂದು ತೆಗೆದಿಡಲಾಗಿತ್ತು. 1996ರ ನಿಯಮದಲ್ಲಿ ಅವು ಪಟ್ಟಿಯಾಗಿವೆ. 192.168 ಎಂದು ಶುರುವಾಗುವ ವಿಳಾಸವನ್ನು ನೀವೆಲ್ಲ ನೋಡಿರುತ್ತೀರಿ. ಅದು ನಿಮ್ಮ ಮನೆಯಲ್ಲೂ ಇರಬಹುದು, ನಮ್ಮ ಲ್ಯಾಬಿನಲ್ಲೂ ಇರಬಹುದು, ಬೀದಿ ಬದಿಯ ಸೈಬರ್ ಸೆಂಟರಿನಲ್ಲೂ ಇರಬಹುದು. ಅದು ಒಳಗೆ ಮಾತ್ರ ಚಲಾವಣೆಯಾಗುವ ನಾಣ್ಯ, ಹೊರಗೆ ನಡೆಯುವುದಿಲ್ಲ.

ಒಳಗಿನ ನಾಣ್ಯವನ್ನು ಹೊರಗಿನ ನಾಣ್ಯಕ್ಕೆ ಬದಲಿಸುವ ಕೆಲಸ ರೂಟರಿನದು. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಹಾಸ್ಟೆಲ್ ಗೇಟಿನಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತಿದ್ದಾರೆ ಎಂದುಕೊಳ್ಳಿ. ನೀವು ಕಳಿಸುವ ಪ್ರತಿ ಪತ್ರದ ಮೇಲಿರುವ ನಿಮ್ಮ ಕೋಣೆ ನಂಬರ್ ಅಳಿಸಿ, ಹಾಸ್ಟೆಲ್‌ನ ವಿಳಾಸ ಬರೆದು, ಪಕ್ಕದಲ್ಲಿ ಒಂದು ಕ್ರಮಸಂಖ್ಯೆ ಹಾಕುತ್ತಾರೆ. ಆ ಸಂಖ್ಯೆ ಯಾವ ಕೋಣೆಯದು ಎಂದು ತಮ್ಮ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಉತ್ತರ ಬಂದಾಗ ಸಂಖ್ಯೆ ನೋಡಿ ಸರಿಯಾದ ಕೋಣೆಗೆ ತಲುಪಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ ಸಂಖ್ಯೆಯ ಪತ್ರ ಬಂದರೆ ಒಳಗೆ ಬಿಡುವುದೇ ಇಲ್ಲ. ಆ ಕ್ರಮಸಂಖ್ಯೆಯೇ ಪೋರ್ಟ್ ನಂಬರ್. ಇನ್ನೊಂದು ಮಾತು: ಪುಸ್ತಕದ ಪುಟಗಳನ್ನು ಅವರು ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ. ಮಾತು ಮುಗಿದ ಸ್ವಲ್ಪ ಹೊತ್ತಿಗೆ ಆ ಸಾಲನ್ನು ಅಳಿಸಿ ಹೊಸದು ಬರೆಯುತ್ತಾರೆ. ಮುಂದೆ ಹೇಳುವ ಕಥೆಯಲ್ಲಿ ತೊಂದರೆ ಶುರುವಾದದ್ದು ಇಲ್ಲಿಂದಲೇ.

ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರವಿದ್ದಾಗ ನಮಗೆ ಇಂಟರ್ನೆಟ್ ಕೊಡುವ ಕಂಪನಿಯಿಂದ ಆಫೀಸಿಗೆ ಒಂದು ಮೇಲ್ ಬಂತು. ನಿಮ್ಮ ವಿಳಾಸದಿಂದ ಸಾವಿರಾರು ಸ್ಪ್ಯಾಮ್ ಮೇಲ್‌ಗಳು ಹೋಗುತ್ತಿವೆ, ಸರಿಪಡಿಸದಿದ್ದರೆ ಸಂಪರ್ಕ ಕಡಿತ ಮಾಡುತ್ತೇವೆ ಎಂದು ಅದರಲ್ಲಿತ್ತು. ಅದಕ್ಕೂ ಮೊದಲೇ ನಮಗೆ ಬಿಸಿ ತಟ್ಟಿತ್ತು. ಲ್ಯಾಬಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕುಳಿತರೆ ಜಾಲತಾಣ ತೆರೆಯುತ್ತಲೇ ಇರಲಿಲ್ಲ. ನಿಮ್ಮ ವಿಳಾಸವನ್ನು ತಡೆಹಿಡಿಯಲಾಗಿದೆ ಎಂಬ ಸಾಲು ಮಾತ್ರ ಬರುತ್ತಿತ್ತು. ಕೆಟ್ಟ ಹೆಸರು ಪಡೆದ ವಿಳಾಸಗಳ ಪಟ್ಟಿಗಳನ್ನು ನೋಡಿ ಬಾಗಿಲು ಮುಚ್ಚುವ ತಾಣಗಳು ಇವೆ. ನಮ್ಮ ಕಾಲೇಜಿನ ವಿಳಾಸ ಅಂಥ ಪಟ್ಟಿ ಸೇರಿತ್ತು. ಮನೆಯಲ್ಲಿ ಸರಿಯಾದ ನೆಟ್‌ವರ್ಕ್ ಇಲ್ಲದೆ ಕಾಲೇಜಿನ ಲ್ಯಾಬನ್ನೇ ನಂಬಿಕೊಂಡವರು ನಮ್ಮ ತರಗತಿಯಲ್ಲೇ ಏಳೆಂಟು ಮಂದಿ ಇದ್ದರು. ಕೊನೆಯ ದಿನಾಂಕಕ್ಕೆ ಎರಡು ವಾರವೂ ಉಳಿದಿರಲಿಲ್ಲ.

ಯಾರು ಕಳಿಸಿದ್ದು ಎಂಬ ಪ್ರಶ್ನೆ ಎದ್ದಿತು. ಉತ್ತರ ಹುಡುಕುವ ಮೊದಲೇ ಬೆರಳು ಒಂದು ಕಡೆ ತಿರುಗಿತು. ಹಾಸ್ಟೆಲ್‌ನ ನನ್ನ ಒಬ್ಬ ಗೆಳೆಯನ ಬಳಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇದೆ. ಹೆಸರು ಬರೆಯಬೇಡ ಎಂದು ಅವನೇ ಹೇಳಿದ್ದಾನೆ. ಆ ಲ್ಯಾಪ್‌ಟಾಪಿನಲ್ಲಿ ಹೊಸ ವಿಂಡೋಸ್ ಹಾಕಿದರೆ ತೆವಳುತ್ತದೆ. ಆದ್ದರಿಂದ ಅವನ ಅಣ್ಣ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಅವನು ಕಮಾಂಡ್ ಟೈಪ್ ಮಾಡುವುದನ್ನು ನೋಡಿದವರು ತಮಾಷೆಗೆ ಹ್ಯಾಕರ್ ಎಂದು ಕರೆಯುತ್ತಿದ್ದರು. ಮೇಲ್ ಬಂದ ದಿನ ಆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಲ್ಯಾಪ್‌ಟಾಪ್ ವಾರ್ಡನ್ ಕೋಣೆಯ ಕಪಾಟು ಸೇರಿತು. ವಿಚಾರಣೆ ಮುಗಿಯುವವರೆಗೆ ಅದು ಅಲ್ಲೇ ಇರಲಿ ಎಂದಾಯಿತು. ಅವನ ಪ್ರಾಜೆಕ್ಟ್, ನೋಟ್ಸ್ ಎಲ್ಲ ಅದರೊಳಗಿದ್ದವು. ಊಟದ ಹಾಲ್‌ನಲ್ಲಿ ಅವನ ಪಕ್ಕದ ಜಾಗ ಖಾಲಿಯಾಗತೊಡಗಿತು. "ಬಾಪನಿಗೆ ಫೋನ್ ಮಾಡ್ತಾರಂತೆ" ಎಂದು ಅವನು ಒಂದೇ ಸಲ ಹೇಳಿದ, ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ.

ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಇದನ್ನು ಒಪ್ಪಲಿಲ್ಲ. ಒಪ್ಪಲಿಲ್ಲ ಎಂದು ಜಗಳವನ್ನೂ ಮಾಡಲಿಲ್ಲ. ಪ್ರಿನ್ಸಿಪಾಲರ ಬಳಿ ಹೋಗಿ, ಕಾಲೇಜಿನ ನೆಟ್‌ವರ್ಕನ್ನು ಸ್ಕ್ಯಾನ್ ಮಾಡಿ ನೋಡಲು ಲಿಖಿತ ಅನುಮತಿ ಕೇಳಿದರು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಯಾವ ವಿಳಾಸಗಳನ್ನು ಎಂದು ಅದರಲ್ಲಿ ಬರೆದಿತ್ತು. ಸಹಿ ಆದ ಮೇಲೆ ಲ್ಯಾಬಿನ ಕೆಲಸಕ್ಕೆ ನೆರವಾಗುವ ನಮ್ಮಲ್ಲಿ ಮೂವರನ್ನು ಕರೆದು, "ನೋಡಿ ಕಲಿಯಿರಿ, ಕೀಬೋರ್ಡ್ ಮುಟ್ಟಬೇಡಿ" ಎಂದರು.

ಅವರು ಬಳಸಿದ್ದು ಎನ್‌ಮ್ಯಾಪ್ ಎಂಬ ಉಚಿತ ಟೂಲ್. ಗಾರ್ಡನ್ ಲಯನ್ ಎಂಬುವರು, ಫ್ಯೋದೋರ್ ಎಂಬ ಅಡ್ಡಹೆಸರಿನಲ್ಲಿ, ಇದನ್ನು 1997ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದರು. ಯಾವ ವಿಳಾಸದಲ್ಲಿ ಯಂತ್ರ ಇದೆ, ಅದರ ಯಾವ ಪೋರ್ಟ್ ತೆರೆದಿದೆ ಎಂದು ನೋಡುವುದು ಇದರ ಮೂಲ ಕೆಲಸ. ಮರುವರ್ಷ ಇದಕ್ಕೆ ಎದುರಿನ ಯಂತ್ರದ ಆಪರೇಟಿಂಗ್ ಸಿಸ್ಟಂ ಯಾವುದು ಎಂದು ಊಹಿಸುವ ಶಕ್ತಿಯೂ ಬಂತು. 2003ರ 'ದಿ ಮ್ಯಾಟ್ರಿಕ್ಸ್ ರೀಲೋಡೆಡ್' ಸಿನಿಮಾದಲ್ಲಿ ಟ್ರಿನಿಟಿ ಬಳಸುವುದೂ ಇದನ್ನೇ ಎಂದು ಸರ್ ಹೇಳಿದಾಗ ನಮಗೆಲ್ಲ ಖುಷಿ.

ಒಂದು ಯಂತ್ರ ತನ್ನ ಹೆಸರು ಹೇಳದೆಯೇ ಅದು ವಿಂಡೋಸೋ ಲಿನಕ್ಸೋ ಎಂದು ಗೊತ್ತಾಗುವುದು ಹೇಗೆ? ಸರ್ ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟವಾಯಿತು. ಕತ್ತಲಲ್ಲಿ ಯಾರೋ "ಎಂತ ಮಾರಾಯ" ಎಂದರೆ ಅವರು ನಮ್ಮ ಕರಾವಳಿಯವರು ಎನ್ನುತ್ತೇವೆ. "ಏನ್ರೀ, ಆರಾಮ ಅದೀರಿ?" ಎಂದರೆ ಧಾರವಾಡದ ಕಡೆಯವರು. "ಏನ್ ಗುರು" ಎಂದರೆ ಬೆಂಗಳೂರಿನವರಿರಬೇಕು. ಎಲ್ಲರೂ ಆಡುವುದು ಕನ್ನಡವೇ, ವ್ಯಾಕರಣ ಒಂದೇ, ಆದರೆ ರಾಗ ಬೇರೆ. ಕಂಪ್ಯೂಟರುಗಳು ಮಾತಾಡುವ ಟಿಸಿಪಿ ಐಪಿ ಭಾಷೆಯೂ ಹಾಗೆ. ನಿಯಮ ಒಂದೇ ಆದರೂ ಕೆಲವು ವಿಷಯಗಳನ್ನು ನಿಯಮ ಬಿಗಿಯಾಗಿ ಹೇಳಿಲ್ಲ. ಅಲ್ಲಿ ಒಂದೊಂದು ಕಂಪನಿಯವರು ತಮಗೆ ತೋಚಿದಂತೆ ಮಾಡಿದ್ದಾರೆ. ಅದೇ ಅವುಗಳ ರಾಗ.

ಅತಿ ಸುಲಭದ ಗುರುತು ಟಿಟಿಎಲ್. ಒಂದು ಪ್ಯಾಕೆಟ್ ಎಷ್ಟು ರೂಟರ್ ದಾಟಿ ಬದುಕಬಹುದು ಎಂಬ ಸಂಖ್ಯೆ ಇದು. ಪ್ರತಿ ರೂಟರ್ ದಾಟುವಾಗ ಒಂದು ಕಡಿಮೆಯಾಗುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಅಲ್ಲಿಗೇ ಮುಗಿಯಿತು. ಹೊರಡುವಾಗ ವಿಂಡೋಸ್ ಸಾಮಾನ್ಯವಾಗಿ 128 ಎಂದು ಬರೆಯುತ್ತದೆ. ಲಿನಕ್ಸ್, ಆಂಡ್ರಾಯ್ಡ್, ಆ್ಯಪಲ್‌ನವು 64 ಎಂದು ಬರೆಯುತ್ತವೆ. ಕೆಲವು ನೆಟ್‌ವರ್ಕ್ ಸಾಧನಗಳು 255 ಎನ್ನುತ್ತವೆ. ನಿಮಗೆ ಬಂದ ಪ್ಯಾಕೆಟ್ಟಿನಲ್ಲಿ 120 ಎಂದಿದ್ದರೆ ಅದು 128ರಿಂದ ಹೊರಟು ಎಂಟು ರೂಟರ್ ದಾಟಿ ಬಂದಿರಬೇಕು, ಅಂದರೆ ಬಹುಶಃ ವಿಂಡೋಸ್. ಇನ್ನೊಂದು ಗುರುತು, ಮಾತು ಶುರು ಮಾಡುವ ಮೊದಲ ಪ್ಯಾಕೆಟ್ಟಿನಲ್ಲಿ ಇರುವ ಆಯ್ಕೆಗಳ ಸಾಲು. ಲಿನಕ್ಸ್ ಅಲ್ಲಿ ಸಮಯದ ಮುದ್ರೆ ಹಾಕುತ್ತದೆ, ವಿಂಡೋಸ್ ಸಾಮಾನ್ಯವಾಗಿ ಹಾಕುವುದಿಲ್ಲ. ಒಂದೇ ಸಲಕ್ಕೆ ಎಷ್ಟು ಡೇಟಾ ತೆಗೆದುಕೊಳ್ಳಬಲ್ಲೆ ಎಂದು ಹೇಳುವ ವಿಂಡೋ ಅಳತೆಯೂ ಒಂದೊಂದರಲ್ಲಿ ಒಂದೊಂದು. ಎನ್‌ಮ್ಯಾಪ್ 16ರವರೆಗೆ ಬೇರೆ ಬೇರೆ ಪ್ಯಾಕೆಟ್‌ಗಳನ್ನು ಕಳಿಸುತ್ತದೆ. ಅವುಗಳಲ್ಲಿ ಕೆಲವು ಬೇಕೆಂದೇ ವಿಚಿತ್ರವಾಗಿರುತ್ತವೆ. ಬಂದ ಉತ್ತರಗಳನ್ನು ತನ್ನಲ್ಲಿರುವ 2600ಕ್ಕೂ ಹೆಚ್ಚು ಮಾದರಿಗಳ ಜೊತೆ ಹೋಲಿಸುತ್ತದೆ. ಹೊಂದಿಕೆಯಾದರೆ ಹೆಸರು ಹೇಳುತ್ತದೆ. ಪೂರ್ತಿ ಹೊಂದದಿದ್ದರೆ ಇಷ್ಟು ಶೇಕಡಾ ಎಂದು ಅಂದಾಜು ಹೇಳುತ್ತದೆ. ಸರಿಯಾಗಿ ಹೇಳಲು ಅದಕ್ಕೆ ಎದುರಿನ ಯಂತ್ರದಲ್ಲಿ ಕನಿಷ್ಠ ಒಂದು ತೆರೆದ ಪೋರ್ಟ್, ಒಂದು ಮುಚ್ಚಿದ ಪೋರ್ಟ್ ಸಿಗಬೇಕು.

ಸರ್ ಮೊದಲ ಸ್ಕ್ಯಾನ್ ಮಾಡಿದ್ದು ಹೊರಗಿನಿಂದ. ರಾತ್ರಿ ತಮ್ಮ ಮನೆಯಿಂದ ಕಾಲೇಜಿನ ಹೊರವಿಳಾಸಕ್ಕೆ ಸ್ಕ್ಯಾನ್ ಓಡಿಸಿ, ಫಲಿತಾಂಶದ ಪ್ರಿಂಟ್ ಮರುದಿನ ತಂದಿದ್ದರು. ಒಂದೇ ಪೋರ್ಟ್ ತೆರೆದಿತ್ತು. ಕೆಳಗೆ ಆಪರೇಟಿಂಗ್ ಸಿಸ್ಟಂ ಎಂಬಲ್ಲಿ ಲಿನಕ್ಸ್ ಎಂದು ಸ್ಪಷ್ಟವಾಗಿ ಬರೆದಿತ್ತು.

ನನ್ನ ಹೊಟ್ಟೆಯಲ್ಲಿ ಒಂಥರಾ ಆಯಿತು. ಪ್ರಿಂಟ್ ನೋಡಲು ಬಂದಿದ್ದ ಹಾಸ್ಟೆಲ್‌ನವರೊಬ್ಬರು, "ನೋಡಿ ಸರ್, ಮೆಷಿನ್ನೇ ಹೇಳ್ತಲ್ಲ. ನಮ್ಮಲ್ಲಿ ಲಿನಕ್ಸ್ ಇರುವುದು ಅವನೊಬ್ಬನ ಹತ್ತಿರ" ಎಂದರು.

ಸರ್ ಗಡಿಬಿಡಿ ಮಾಡಲಿಲ್ಲ. "ನಿನ್ನೆ ರಾತ್ರಿ ಅವನ ಲ್ಯಾಪ್‌ಟಾಪ್ ಎಲ್ಲಿತ್ತು?" ಎಂದು ಕೇಳಿದರು.

"ಕಪಾಟಿನಲ್ಲಿ. ಬೀಗ ಹಾಕಿತ್ತು."

"ಹಾಗಾದರೆ ನನಗೆ ಉತ್ತರ ಕೊಟ್ಟವರು ಯಾರು?"

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಸರ್ ವಿವರಿಸಿದರು. ಹೊರಗಿನಿಂದ ಬಾಗಿಲು ತಟ್ಟಿದರೆ ಮಾತಾಡುವುದು ಗೇಟಿನಲ್ಲಿ ಕುಳಿತವರು, ಒಳಗೆ ಮಲಗಿದ ಹುಡುಗರಲ್ಲ. ನಾವು ಕೇಳಿದ್ದು ರೂಟರಿನ ರಾಗ. ಮನೆ, ಆಫೀಸುಗಳಲ್ಲಿ ಬಳಸುವ ಸಣ್ಣ ರೂಟರುಗಳಲ್ಲಿ ಹೆಚ್ಚಿನವು ಒಳಗೆ ಲಿನಕ್ಸನ್ನೇ ಓಡಿಸುತ್ತವೆ. ಪುಸ್ತಕದಲ್ಲಿ ಇಲ್ಲದ ಪತ್ರವನ್ನು ನ್ಯಾಟ್ ಒಳಗೆ ಬಿಡುವುದಿಲ್ಲವಾದ್ದರಿಂದ, ಹೊರಗಿನ ಸ್ಕ್ಯಾನಿಗೆ ಒಳಗಿನ ಒಂದು ಕಂಪ್ಯೂಟರೂ ಕಾಣುವುದಿಲ್ಲ. ಒಂದು ಪೋರ್ಟನ್ನು ಒಳಗಿನ ಯಂತ್ರಕ್ಕೆ ದಾಟಿಸುವಂತೆ ಮೊದಲೇ ಹೊಂದಿಸಿಟ್ಟಿದ್ದರೆ ಆ ಯಂತ್ರವೂ ಉತ್ತರ ಕೊಡಬಹುದು. ಆಗ ಒಂದು ಉತ್ತರ ರೂಟರಿನದು, ಇನ್ನೊಂದು ಬೇರೆ ಯಂತ್ರದ್ದು ಆಗಿ, ಟೂಲ್ ಎರಡನ್ನೂ ಕಲಸಿ ಇಲ್ಲದ ಮೂರನೆಯ ಯಂತ್ರದ ಹೆಸರು ಹೇಳುವ ಸಾಧ್ಯತೆಯೂ ಇದೆ. ಅಂದಹಾಗೆ, ತೆರೆದಿದ್ದ ಆ ಒಂದು ಪೋರ್ಟ್ ರೂಟರಿನ ಹೊಂದಾಣಿಕೆ ಪುಟದ್ದು. ಅದು ಹೊರಗಿನವರಿಗೆ ಕಾಣಲೇಬಾರದು. ಸರ್ ಅದನ್ನು ಆ ದಿನವೇ ಮುಚ್ಚಿಸಿದರು.

ಎರಡನೆಯ ಸ್ಕ್ಯಾನ್ ಒಳಗಿನಿಂದ. ಇಲ್ಲಿ ನಡುವೆ ಗೇಟ್ ಇಲ್ಲ, ಒಂದೊಂದು ಕೋಣೆಯ ಬಾಗಿಲನ್ನು ನೇರವಾಗಿ ತಟ್ಟಬಹುದು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ 192.168.1ರ 254 ವಿಳಾಸಗಳನ್ನೂ ನೋಡಿದೆವು. 40ಕ್ಕೂ ಹೆಚ್ಚು ಸಾಧನಗಳು ಸಿಕ್ಕವು. ಲ್ಯಾಬಿನವು ವಿಂಡೋಸ್ 10 ಎಂದು ಬಂದವು. ಫೋನುಗಳ ವಿಷಯದಲ್ಲಿ ಟೂಲ್ ಹಲವು ಕಡೆ ಕೈಚೆಲ್ಲಿತು. ತೆರೆದ ಪೋರ್ಟ್ ಸಿಗದಿದ್ದಾಗ ಅದಕ್ಕೆ ಹೇಳಲು ಆಗುವುದಿಲ್ಲ. ಸ್ಪಷ್ಟವಾಗಿ ಲಿನಕ್ಸ್ ಎಂದು ಬಂದವು ನಾಲ್ಕು: ರೂಟರ್, ಎರಡು ವೈಫೈ ಪೆಟ್ಟಿಗೆಗಳು, ಸಿಸಿಟಿವಿಯ ರೆಕಾರ್ಡರ್. ನಮ್ಮಲ್ಲಿ ಲಿನಕ್ಸ್ ಇರುವುದು ಅವನೊಬ್ಬನ ಹತ್ತಿರ ಎಂದು ಹೇಳುತ್ತಿದ್ದ ಕಾಲೇಜಿನಲ್ಲಿ, ಅವನ ಲ್ಯಾಪ್‌ಟಾಪ್ ಕಪಾಟಿನಲ್ಲಿದ್ದಾಗಲೂ ನಾಲ್ಕು ಲಿನಕ್ಸ್ ಯಂತ್ರಗಳು ಹಗಲು ರಾತ್ರಿ ಓಡುತ್ತಿದ್ದವು. ನಮ್ಮೆಲ್ಲರ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಅನುಮಾನ ಪಟ್ಟವರ ಜೇಬಿನಲ್ಲೂ ಅದು ಇತ್ತು.

ಪಟ್ಟಿಯಲ್ಲಿ ಸರ್ ಗೆರೆ ಎಳೆದದ್ದು ಬೇರೆ ಒಂದು ಸಾಲಿನ ಕೆಳಗೆ. ಒಂದು ವಿಳಾಸದಲ್ಲಿ 445ನೇ ಪೋರ್ಟ್ ತೆರೆದಿತ್ತು. ಅದು ವಿಂಡೋಸ್ ಫೈಲ್ ಹಂಚಿಕೊಳ್ಳುವ ಬಾಗಿಲು. ಅದರ ಹಳೆಯ ಆವೃತ್ತಿ ಚಾಲೂ ಇದ್ದರೆ, ಕೇಳಿದವರಿಗೆ ಯಂತ್ರ ತನ್ನ ಹೆಸರನ್ನೂ ವಿಂಡೋಸ್ ಆವೃತ್ತಿಯನ್ನೂ ತಾನೇ ಹೇಳಿಬಿಡುತ್ತದೆ. ಈ ಯಂತ್ರ ವಿಂಡೋಸ್ 7 ಎಂದು ಹೇಳಿತು. 2020ರ ಜನವರಿ 14ರಂದೇ ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರುಗಳಿಗೆ ಬೀಗ ಹಾಕಿದ ವಾನಾಕ್ರೈ ಹರಡಿದ್ದು ಇದೇ 445ನೇ ಬಾಗಿಲಿನಿಂದ. ಅದಕ್ಕೆ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಇಲ್ಲಿಗೆ ನಾವು ಮೂವರೂ ಕುಣಿಯಲು ತಯಾರಾಗಿದ್ದೆವು. ಸರ್ ತಡೆದರು. "ಹಳೆಯ ವಿಂಡೋಸ್ ಎಂದರೆ ಕಳ್ಳ ಎಂದಲ್ಲ. ಲಿನಕ್ಸ್ ಎಂದರೆ ಕಳ್ಳ ಎಂದವರಿಗೂ ನಮಗೂ ಆಗ ವ್ಯತ್ಯಾಸ ಏನು ಬಂತು?" ಎಂದರು. ಆ ಮಾತನ್ನು ನಾನು ನನ್ನ ರೆಕಾರ್ಡ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಅವರು ರೂಟರಿನೊಳಗೆ ಹೋಗಿ ಆ ಹೊತ್ತಿಗೆ ನಡೆಯುತ್ತಿದ್ದ ಸಂಪರ್ಕಗಳ ಪಟ್ಟಿ ತೆರೆದರು. ಇದೇ ಗೇಟಿನವರ ಪುಸ್ತಕ. ಕಂಪನಿಯ ಮೇಲ್‌ನಲ್ಲಿ ಹೇಳಿದ್ದ ದಿನದ ಪುಟ ಯಾವಾಗಲೋ ಅಳಿಸಿಹೋಗಿತ್ತು, ಆದರೆ ತೊಂದರೆ ಇನ್ನೂ ನಿಂತಿರಲಿಲ್ಲ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗುವ ಪೋರ್ಟ್ 25. ಒಂದು ಮಾಮೂಲಿ ಕಂಪ್ಯೂಟರ್ ಹೊರಗಿನ ನೂರಾರು ವಿಳಾಸಗಳ 25ನೇ ಪೋರ್ಟನ್ನು ತಟ್ಟುವ ಕಾರಣವೇ ಇಲ್ಲ. ಪಟ್ಟಿಯಲ್ಲಿ ಒಂದೇ ಒಳವಿಳಾಸದಿಂದ ಸಾಲು ಸಾಲಾಗಿ 25, 25, 25 ಎಂದು ಹೋಗುತ್ತಿತ್ತು. ಪುಸ್ತಕದಲ್ಲಿ ಇದ್ದದ್ದು ಬರೀ ಸಂಖ್ಯೆ, ಅದು ಯಾರದು ಎಂದು ಅಲ್ಲಿ ಬರೆದಿರುವುದಿಲ್ಲ. ನಮ್ಮ ಸ್ಕ್ಯಾನ್ ಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ ಅದು ಅದೇ ವಿಂಡೋಸ್ 7. ಎರಡೂ ಕೂಡಿದಾಗಲೇ ಉತ್ತರ ಪೂರ್ತಿಯಾಯಿತು.

ಆ ಯಂತ್ರ ಯಾವುದು ಗೊತ್ತೇ? ಲೈಬ್ರರಿಯ ಮೂಲೆಯಲ್ಲಿ ಪ್ರಿಂಟರ್ ಜೊತೆ ಇಟ್ಟ ಕಂಪ್ಯೂಟರ್. ಆ ಪ್ರಿಂಟರ್ ಬಹಳ ಹಳೆಯದು, ಅದರ ಡ್ರೈವರ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಅದಕ್ಕಾಗಿ ವಿಂಡೋಸ್ 7 ಅನ್ನು ಹಾಗೆಯೇ ಉಳಿಸಿಕೊಂಡಿದ್ದರು. ಉಳಿತಾಯದ ದೃಷ್ಟಿಯಿಂದ ನೋಡಿದರೆ ಅದು ತಪ್ಪೂ ಅಲ್ಲ. ಪ್ರಾಜೆಕ್ಟ್, ಹಾಲ್‌ಟಿಕೆಟ್, ಅರ್ಜಿ ಎಂದು ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಅದಕ್ಕೆ ಚುಚ್ಚಲಾಗುತ್ತಿತ್ತು. ಆ್ಯಂಟಿವೈರಸ್ ಓಡಿಸಿದಾಗ ಮೇಲ್ ಕಳಿಸುವ ಮಾಲ್‌ವೇರ್ ಅದರಲ್ಲಿ ಸಿಕ್ಕಿತು. ಯಾವ ಹುಡುಗನೂ ರಾತ್ರಿ ಕುಳಿತು ಮೇಲ್ ಕಳಿಸಿರಲಿಲ್ಲ. ಯಾರೂ ತಲೆಕೆಡಿಸಿಕೊಳ್ಳದ ಒಂದು ಯಂತ್ರ ತಾನಾಗಿಯೇ ಕಳಿಸುತ್ತಿತ್ತು.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. ಆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ತೆಗೆದರು, ಈಗ ಅದು ಕೇಬಲ್ ಮೂಲಕ ಪ್ರಿಂಟ್ ಮಾತ್ರ ಮಾಡುತ್ತದೆ. 25ನೇ ಪೋರ್ಟ್ ಹೊರಗೆ ಹೋಗದಂತೆ ರೂಟರಿನಲ್ಲಿ ತಡೆ ಹಾಕಿದರು. ವಿಳಾಸವನ್ನು ಕೆಟ್ಟ ಪಟ್ಟಿಯಿಂದ ತೆಗೆಸಲು ಅರ್ಜಿ ಹಾಕಿದರು. ಅದು ಸರಿಯಾಗುವವರೆಗೆ ಕಾಯಲು ಸಮಯ ಇರಲಿಲ್ಲವಾದ್ದರಿಂದ ಇಬ್ಬರು ಮೇಡಂಗಳು ತಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಎಲ್ಲರ ಸ್ಕಾಲರ್‌ಶಿಪ್ ಅರ್ಜಿಯನ್ನೂ ಕೊನೆಯ ದಿನದೊಳಗೆ ಹಾಕಿಸಿದರು. ವಾರ್ಡನ್ ಸರ್ ಲ್ಯಾಪ್‌ಟಾಪನ್ನು ಬೇರೆಯವರ ಕೈಯಲ್ಲಿ ಕಳಿಸಲಿಲ್ಲ. ಊಟದ ಹಾಲ್‌ಗೆ ತಾವೇ ತಂದು, ಎಲ್ಲರೂ ನೋಡುವಂತೆ ಅವನ ಕೈಗೆ ಕೊಟ್ಟು, "ಬೇಜಾರು ಮಾಡಿಕೊಳ್ಳಬೇಡ ಮಗಾ" ಎಂದರು. ಅಷ್ಟು ಮಂದಿಯ ಎದುರು ಅನುಮಾನ ಪಟ್ಟಿದ್ದನ್ನು ಅಷ್ಟೇ ಮಂದಿಯ ಎದುರು ತೆಗೆದದ್ದು ದೊಡ್ಡ ಗುಣ ಎಂದು ನನಗೆ ಅನಿಸಿತು.

ಇದೆಲ್ಲ ಮುಗಿದ ಮೇಲೆ ನಾನು ಈ ವಿಷಯ ಇನ್ನಷ್ಟು ಓದಿದೆ. ನ್ಯಾಟ್ ಹಿಂದೆ ಎಷ್ಟು ಯಂತ್ರಗಳಿವೆ ಎಂದು ಬಾಗಿಲು ತಟ್ಟದೆಯೇ, ಸುಮ್ಮನೆ ದಾರಿಯಲ್ಲಿ ನಿಂತು ಹೋಗುವ ಪ್ಯಾಕೆಟ್ ನೋಡಿಯೇ ಅಂದಾಜು ಮಾಡಬಹುದು. ಮಿಖಾಲ್ ಜಲೆವ್‌ಸ್ಕಿ ಬರೆದ ಪಿ0ಎಫ್ ಎಂಬ ಟೂಲ್ ಹಾಗೆ ಕೇಳಿಸಿಕೊಂಡೇ ರಾಗ ಗುರುತಿಸುತ್ತದೆ. ಒಂದೇ ವಿಳಾಸದಿಂದ ಒಂದು ಪ್ಯಾಕೆಟ್ 63 ಟಿಟಿಎಲ್‌ನಲ್ಲಿ, ಇನ್ನೊಂದು 127ರಲ್ಲಿ ಹೊರಬಂದರೆ ಒಳಗೆ ಕನಿಷ್ಠ ಎರಡು ಬಗೆಯ ಯಂತ್ರಗಳಿವೆ ಎಂದು ಊಹಿಸಬಹುದು, ಎರಡೂ ಒಂದೊಂದು ರೂಟರ್ ದಾಟಿವೆ ಎಂದೂ ತಿಳಿಯುತ್ತದೆ. 2002ರಲ್ಲಿ ಸ್ಟೀವನ್ ಬೆಲ್ಲೋವಿನ್ ಎಂಬ ವಿಜ್ಞಾನಿ ಇನ್ನೂ ಜಾಣ ಉಪಾಯ ತೋರಿಸಿದರು. ಪ್ರತಿ ಪ್ಯಾಕೆಟ್ ಮೇಲೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆಗಿನ ಅನೇಕ ಯಂತ್ರಗಳು ಅದನ್ನು ಒಂದೊಂದೇ ಏರಿಸುತ್ತಾ ಹೋಗುತ್ತಿದ್ದವು. ಹೊರಗೆ ಬಂದ ಸಂಖ್ಯೆಗಳನ್ನು ಜೋಡಿಸಿದರೆ ಎಷ್ಟು ಬೇರೆ ಬೇರೆ ಸಾಲುಗಳು ಸಿಗುತ್ತವೋ ಒಳಗೆ ಅಷ್ಟು ಯಂತ್ರಗಳು. ಈಗಿನ ಸಿಸ್ಟಂಗಳಲ್ಲಿ ಹೆಚ್ಚಿನವು ಆ ಸಂಖ್ಯೆಯನ್ನು ಹಾಗೆ ಸಾಲಾಗಿ ಏರಿಸುವುದಿಲ್ಲ, ಆದ್ದರಿಂದ ಈ ಲೆಕ್ಕ ಈಗ ಅಷ್ಟು ನಡೆಯುವುದಿಲ್ಲ. ರಾಗ ಬದಲಿಸಿ ಮಾತಾಡುವುದೂ ಸಾಧ್ಯ. ಟಿಟಿಎಲ್ ಅನ್ನು ಯಾರು ಬೇಕಾದರೂ ಬದಲಿಸಬಹುದು. ಮಂಗಳೂರಿನ ಹುಡುಗ ಧಾರವಾಡದ ಕನ್ನಡ ಆಡಿ ತೋರಿಸಿದಂತೆ.

ಈಗ ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಕೆಲವೇ ಹೊರವಿಳಾಸಗಳ ಹಿಂದೆ ಕೂರಿಸುವುದಿದೆ. ಅದಕ್ಕಾಗಿಯೇ 2012ರಲ್ಲಿ 100.64ರಿಂದ ಶುರುವಾಗುವ ವಿಳಾಸಗಳನ್ನು ಬೇರೆ ತೆಗೆದಿಟ್ಟರು. ಅಂದರೆ ನಾನು ಇಂದು ಫೋನಿನಲ್ಲಿ ನೋಡುವ ಪುಟದ ಲೆಕ್ಕ, ನಾನು ಎಂದೂ ಕಾಣದ ಯಾರದೋ ಜೊತೆ ಒಂದೇ ಹೆಸರಿನಲ್ಲಿ ಬರೆಯಲ್ಪಡಬಹುದು. ಬರೀ ಐಪಿ ವಿಳಾಸ ಹಿಡಿದು ಇಂಥವನೇ ಎಂದು ಹೇಳಲಾಗದು. ಸಮಯ ಬೇಕು, ಪೋರ್ಟ್ ನಂಬರ್ ಬೇಕು, ಗೇಟಿನವರ ಪುಸ್ತಕ ಬೇಕು. ಅದು ಸಿಕ್ಕ ಮೇಲೂ ಗೊತ್ತಾಗುವುದು ಯಂತ್ರ ಮಾತ್ರ. ಯಂತ್ರದ ಮುಂದೆ ಯಾರು ಕುಳಿತಿದ್ದರು, ಕುಳಿತಿದ್ದರೇ ಇಲ್ಲವೇ ಎಂಬುದು ಇನ್ನೊಂದು ಪ್ರಶ್ನೆ.

ನಮ್ಮ ಜೂನಿಯರ್‌ಗಳಿಗೆ ಒಂದು ಮಾತು. ಇದನ್ನು ಓದಿ ಯಾರಿಗಾದರೂ ಎನ್‌ಮ್ಯಾಪ್ ಹಾಕಿಕೊಂಡು ನೋಡಬೇಕೆನಿಸಿದರೆ ಸಂತೋಷ. ನಿಮ್ಮ ಮನೆಯ ವೈಫೈಯನ್ನು ಮನೆಯವರಿಗೆ ಹೇಳಿ ನೋಡಿ. ಅಭ್ಯಾಸಕ್ಕೆಂದೇ ಎನ್‌ಮ್ಯಾಪ್‌ನವರು ಸ್ಕ್ಯಾನ್‌ಮಿ ಎಂಬ ಸರ್ವರ್ ಇಟ್ಟಿದ್ದಾರೆ, ಅದನ್ನು ಮಿತವಾಗಿ ಸ್ಕ್ಯಾನ್ ಮಾಡಲು ಎಲ್ಲರಿಗೂ ಅನುಮತಿ ಇದೆ. ಆದರೆ ಕಾಲೇಜಿನ ನೆಟ್‌ವರ್ಕ್, ಪಕ್ಕದ ಮನೆಯ ವೈಫೈ, ಯಾವುದೋ ಜಾಲತಾಣ ಇವುಗಳ ಮೇಲೆ ಕೈಯಾಡಿಸಬೇಡಿ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್, ನೆಟ್‌ವರ್ಕ್ ಪ್ರವೇಶಿಸುವುದರ ಬಗ್ಗೆ ಹೇಳುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮ್ಮ ಸರ್ ತಾವೇ ಪಾಠ ಮಾಡುವ ಕಾಲೇಜಿನ ನೆಟ್‌ವರ್ಕಿಗೂ ಸಹಿ ತೆಗೆದುಕೊಂಡೇ ಕೈ ಹಾಕಿದರು. ಮನೆಯ ಕಂಪ್ಯೂಟರಿನಲ್ಲಿ ಇಂಥ ಮಾಲ್‌ವೇರ್ ಇದೆಯೆಂಬ ಸಂಶಯ ಇದ್ದರೆ, ಕೇಂದ್ರ ಸರಕಾರ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ ಅದನ್ನು ತೆಗೆಯುವ ಟೂಲ್‌ಗಳನ್ನು ಉಚಿತವಾಗಿ ಕೊಡುತ್ತದೆ.

ಸ್ಕ್ಯಾನ್ ಮಾಡುವ ಟೂಲ್ ತನ್ನ ಉತ್ತರದ ಪಕ್ಕದಲ್ಲೇ ಇದು ಎಷ್ಟು ಶೇಕಡಾ ಅಂದಾಜು ಎಂದು ಬರೆಯುತ್ತದೆ. ಮನುಷ್ಯರಾದ ನಾವು ಬೇರೆಯವರ ಬಗ್ಗೆ ಹೇಳುವಾಗ ಆ ಶೇಕಡಾ ಬರೆಯುವುದನ್ನು ಮರೆಯುತ್ತೇವೆ. ಒಂದು ಹೆಸರು, ಒಂದು ಊರು, ಒಂದು ಕಾಲೇಜು ಎಂಬ ಒಂದೇ ವಿಳಾಸದ ಹಿಂದಿರುವ ಎಲ್ಲರನ್ನೂ ಒಬ್ಬನೇ ಎಂದು ನೋಡಿದರೆ ಎಷ್ಟು ನೋವಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನವರು ನಮ್ಮನ್ನು ಹಾಗೆ ನೋಡಬಾರದು ಎಂದು ಬಯಸುವ ನಾವು, ನಮ್ಮ ಒಳಗೂ ಹಾಗೆ ನೋಡಬಾರದು. ಅಂದಾಜು ಮಾಡುವುದು ತಪ್ಪಲ್ಲ, ಎಲ್ಲಿ ಹುಡುಕಬೇಕೆಂದು ಅದೇ ದಾರಿ ತೋರಿಸುತ್ತದೆ. ದಾರಿಯ ಕೊನೆಯವರೆಗೆ ನಡೆದು ನೋಡಿದ ಮೇಲೆ ಮಾತಾಡಿದರಾಯಿತು.